ಪಿಎಎಂ 8403 ಒಳ್ಳೇದಾ, ಟಿಡಿಎ 2822 ಒಳ್ಳೇದಾ? ಎರಡನ್ನೂ ವೈರ್ ಮಾಡಿ ಕೇಳಿದ ಮೇಲೆ

ಎರಡೂ ಹಾಡಿನ ಸಣ್ಣ ಸಿಗ್ನಲ್ ಜೋರು ಮಾಡಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್ ಚಿಪ್‌ಗಳು. ಅದೇ ಒಂದು ಜೊತೆ 4 ಓಮ್ ಸ್ಪೀಕರ್, ಅದೇ ಫೋನು, ಅದೇ ಹಾಡುಗಳು. ಆಂಪ್ಲಿಫೈಯರ್ ಬೋರ್ಡ್ ಮಾತ್ರ ಬದಲಿಸುತ್ತಾ ಎರಡು ವಾರ ಕೇಳಿದೆ.

ಜೋರಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಪಿಎಎಂ 8403ಗೆ 5 ವೋಲ್ಟ್ ಕೊಟ್ಟರೆ ರೂಮು ತುಂಬುತ್ತದೆ, ಬಿಸಿ ಹೊರಹಾಕುವ ಹೀಟ್ ಸಿಂಕ್ ಬೇಡ. ಅದು ಕ್ಲಾಸ್ ಡಿ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್ ಇರುತ್ತವೆ, ಇಲ್ಲವೇ ಪೂರ್ತಿ ಆಫ್, ಹಾಗಾಗಿ ಬಿಸಿಯಾಗಿ ಹೋಗುವ ಪವರ್ ಕಡಿಮೆ. ಚಾನೆಲ್‌ಗೆ 3 ವ್ಯಾಟ್ ಅನ್ನುವುದು ಮಾತ್ರ 10% ಡಿಸ್ಟಾರ್ಷನ್ (ದನಿ ಕೆಡುವುದು) ಒಪ್ಪಿಕೊಂಡ ಲೆಕ್ಕ, ಸ್ವಚ್ಛವಾಗಿ ಕೇಳಬೇಕಂದರೆ ಅಷ್ಟು ಸಿಗಲ್ಲ. ಟಿಡಿಎ 2822 ಹಳೇ ಕಾಲದ ಕ್ಲಾಸ್ ಎಬಿ, ಅಂದರೆ ಟ್ರಾನ್ಸಿಸ್ಟರ್‌ಗಳು ಅರ್ಧಂಬರ್ಧ ಆನ್ ಇದ್ದೇ ಕೆಲಸ ಮಾಡುತ್ತವೆ. ಅದೇ 5 ವೋಲ್ಟ್‌ನಲ್ಲಿ ಅರ್ಧ ವ್ಯಾಟ್ ಕೂಡ ಮುಟ್ಟಲ್ಲ, ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತದೆ.

ಆದರೆ ವೈರಿಂಗ್‌ನಲ್ಲಿ ಪಿಎಎಂ ಕ್ಷಮಿಸುವ ಬೋರ್ಡ್ ಅಲ್ಲ. ನನ್ನ ಹಳೇ ಸ್ಪೀಕರ್ ಡಬ್ಬಕ್ಕೆ ಮೂರೇ ವೈರು ಇದ್ದವು, ಎಡ, ಬಲ, ಎರಡಕ್ಕೂ ಸೇರಿ ಒಂದು ಮೈನಸ್. ಸುಮ್ನೆ ಹಾಗೇ ಜೋಡಿಸಿದೆ. ಕೇಳಿಸಿದ್ದು ಕೆಟ್ಟ ಗರಗರ. ಇಲ್ಲಿ ಸ್ಪೀಕರ್ ಮೈನಸ್ ಅಂದರೆ ಗ್ರೌಂಡ್ (ಸಪ್ಲೈಯ ಮೈನಸ್) ಅಲ್ಲ, ಅದೂ ಒಂದು ಔಟ್‌ಪುಟ್ಟೇ. ಹಾಡು ನಿಲ್ಲಿಸಿ ಮಲ್ಟಿಮೀಟರಿನ ಕಪ್ಪು ಪ್ರೋಬನ್ನು ಗ್ರೌಂಡಿಗೂ ಕೆಂಪನ್ನು ಆ ಮೈನಸ್‌ಗೂ ಇಟ್ಟು ನೋಡಿ, ಸುಮಾರು 2.5 ವೋಲ್ಟ್ ತೋರಿಸುತ್ತದೆ. ಅಂದರೆ ನಾಲ್ಕು ಬೇರೆ ಬೇರೆ ವೈರು ಬೇಕೇ ಬೇಕು, ಮತ್ತು ಗ್ರೌಂಡ್ ಒಂದೇ ಇರುವ ಸಾಮಾನ್ಯ ಹೆಡ್‌ಫೋನನ್ನು ಇದಕ್ಕೆ ಚುಚ್ಚಲೇಬಾರದು. ಟಿಡಿಎಯ ಸ್ಟೀರಿಯೋ ಸರ್ಕ್ಯೂಟಿನಲ್ಲಿ ಈ ತಾಪತ್ರಯ ಇಲ್ಲ, ಎರಡೂ ಸ್ಪೀಕರ್‌ನ ಮೈನಸ್ ನೇರವಾಗಿ ಗ್ರೌಂಡಿಗೆ ಹೋಗುತ್ತದೆ. ಬದಲಿಗೆ ಪ್ರತಿ ಔಟ್‌ಪುಟ್‌ನಲ್ಲಿ 470 ಮೈಕ್ರೋಫ್ಯಾರಡ್‌ನಂಥ ದೊಡ್ಡ ಕೆಪಾಸಿಟರ್ ಇರಲೇಬೇಕು, ಇಲ್ಲದಿದ್ದರೆ ಸ್ಪೀಕರಿಗೆ ಸೀದಾ ಡಿಸಿ ಹೋಗುತ್ತದೆ.

ವೋಲ್ಟೇಜ್ ವಿಷಯದಲ್ಲೂ ಹುಷಾರು. ಪಿಎಎಂನ ಮಿತಿ 5.5 ವೋಲ್ಟ್. ಅವಸರದಲ್ಲಿ 12 ವೋಲ್ಟ್ ಅಡಾಪ್ಟರ್ ಕೊಟ್ಟು ಒಂದು ಬೋರ್ಡ್ ಕಳೆದುಕೊಂಡೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಟಿಡಿಎ 2822ರ ಎಂ ಮಾದರಿ (2822ಎಂ) ಕೆಳಗೆ 1.8 ವೋಲ್ಟ್‌ವರೆಗೂ ಓಡುತ್ತದೆ, ಎರಡು ಪೆನ್ಸಿಲ್ ಸೆಲ್ ಸಾಕು, ಸೆಲ್ ಸೊರಗಿದ ಮೇಲೂ ಹಾಡುತ್ತಲೇ ಇರುತ್ತದೆ.

ಫೋನಿನಿಂದ ಹಾಡು ತರುವ ಬ್ಲೂಟೂತ್ ಬೋರ್ಡಿಗೂ ಪಿಎಎಂಗೂ ಒಂದೇ 5 ವೋಲ್ಟ್ ಸಪ್ಲೈ ಕೊಟ್ಟಾಗ ಹಾಡಿನ ಹಿಂದೆ ಕುಯ್ಯೋ ಅನ್ನುವ ಸದ್ದು ಬಂತು. ಕೆಪಾಸಿಟರ್ ಹಾಕಿ ನೋಡಿದೆ, ಜಾಸ್ತಿ ಪ್ರಯೋಜನ ಆಗಲಿಲ್ಲ. ಕೊನೆಗೆ ಬ್ಲೂಟೂತ್ ಬೋರ್ಡಿಗೆ ಮಾತ್ರ ಬಿ0505ಎಸ್ ಅನ್ನುವ ಪುಟ್ಟ ಐಸೊಲೇಟೆಡ್ ಕನ್ವರ್ಟರ್ (ಒಳಬರುವ, ಹೊರಹೋಗುವ ಸಪ್ಲೈಗಳ ಗ್ರೌಂಡನ್ನು ಬೇರ್ಪಡಿಸುವಂಥದ್ದು) ಹಾಕಿದ ಮೇಲೆ ಆ ಸದ್ದು ಹೋಯಿತು. ಬಾಸ್ ಬಂದಾಗಲೆಲ್ಲ ದನಿ ತಡವರಿಸಿದರೆ ಮೊದಲು ಚಾರ್ಜರ್ ನೋಡಿ, 500 ಮಿಲಿಆಂಪ್‌ನದು ಸಾಲದು, 2 ಆಂಪ್ ಇರಲಿ.

ಇನ್ನೊಂದು ವಿಷಯ, ಪಕ್ಕದಲ್ಲಿ ಎಎಂ ರೇಡಿಯೊ ಇಟ್ಟರೆ ಪಿಎಎಂ ಸ್ವಿಚಿಂಗ್ ಸದ್ದು ಅದರೊಳಗೆ ನುಗ್ಗುತ್ತದೆ. ಟಿಡಿಎ ಏನೂ ಮಾಡಲ್ಲ.

ಹಾಗಾಗಿ ನನ್ನ ಟೇಬಲ್ ಸ್ಪೀಕರಿಗೆ ಪಿಎಎಂ, ರೇಡಿಯೊ ಮತ್ತು ಹೆಡ್‌ಫೋನಿಗೆ ಟಿಡಿಎ.