ಡ್ಯಾಕ್‌ಗೆ ರೆಫರೆನ್ಸ್: ಮೂರು ಚಿಪ್ ಹಾಕಿ ನೋಡಿದ ಮೇಲೆ

ಡ್ಯಾಕ್ ಅಂದರೆ ಡಿಜಿಟಲ್ ಅಂಕಿಯನ್ನ ವೋಲ್ಟೇಜ್ ಆಗಿಸೋ ಚಿಪ್; ಅದು ಅಳತೆಗೋಲಾಗಿ ಇಟ್ಟುಕೊಳ್ಳೋ ಸ್ಥಿರ ವೋಲ್ಟೇಜೇ ರೆಫರೆನ್ಸ್. ಮೊದಲೇ ಹೇಳಿಬಿಡ್ತೀನಿ, ಆ ವೋಲ್ಟೇಜ್ ಕೊಡೋ ಮೂರು ಚಿಪ್‌ಗಳಲ್ಲಿ ನನ್ನ ಓಟು ಎಲ್‌ಎಂ4040ಗೆ. ಟಿಎಲ್431 ಹಿಂದೆ ಬಿದ್ದು ಒಂದಿಡೀ ಭಾನುವಾರ ಕಳಕೊಂಡವನ ಮಾತಿದು.

ನನ್ನ ಡ್ಯಾಕ್ 12 ಬಿಟ್‌ನ, ಅಂದರೆ 4096 ಮೆಟ್ಟಿಲಿನ, ಎಂಸಿಪಿ4921. ಅದಕ್ಕೆ 4.096 ವೋಲ್ಟ್ ರೆಫರೆನ್ಸ್ ಕೊಟ್ಟರೆ ಒಂದೊಂದು ಮೆಟ್ಟಿಲೂ ಸರಿಯಾಗಿ 1 ಮಿಲಿವೋಲ್ಟ್, ಲೆಕ್ಕದ ತಲೆನೋವಿಲ್ಲ. ಮುಂಚೆ ಯುಎಸ್‌ಬಿಯ 5 ವೋಲ್ಟನ್ನೇ ಕೊಟ್ಟಿದ್ದೆ. ಲ್ಯಾಪ್‌ಟಾಪ್‌ಗೆ ಕೆಲಸ ಜಾಸ್ತಿಯಾದರೆ ಔಟ್‌ಪುಟ್ಟೂ ಅಲುಗಾಡೋದು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಟಿಎಲ್431 ಚಿಲ್ಲರೆ ಕಾಸಿಗೆ ಸಿಕ್ತು. ಎರಡು ರೆಸಿಸ್ಟರ್ ಹಾಕಿ 4.096ಕ್ಕೆ ಕೂರಿಸಿದೆ. ಮಲ್ಟಿಮೀಟರ್ 4.09 ಅಂತ ನೆಟ್ಟಗೆ ತೋರಿಸ್ತು. ಡ್ಯಾಕ್ ಔಟ್‌ಪುಟ್ ಮಾತ್ರ ಒಂದು ಕಡೆ ನಿಲ್ಲದು. ಗ್ರೌಂಡ್ ವೈರ್ ಬದಲಿಸಿದೆ, ಬ್ರೆಡ್‌ಬೋರ್ಡ್ ಬದಲಿಸಿದೆ, ಡ್ಯಾಕನ್ನೇ ಬದಲಿಸಿದೆ. ಕೊನೆಗೆ ಗೆಳೆಯನ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನ ಗೆರೆಯಾಗಿ ತೋರಿಸೋ ಸಾಧನ) ತಂದು ನೋಡಿದರೆ ರೆಫರೆನ್ಸೇ ಆಸಿಲೇಟ್ ಆಗ್ತಿದೆ, ಒಂದೇ ಸಮ ಮೇಲೆ ಕೆಳಗೆ ಕುಣೀತಿದೆ! ಮೀಟರ್ ಬರೀ ಸರಾಸರಿ ತೋರಿಸಿ ನನ್ನನ್ನ ನಂಬಿಸಿತ್ತು.

ತಪ್ಪು ನನ್ನದೇ. ಯಾವ ಚಿಪ್ ಕಂಡರೂ ಪಕ್ಕಕ್ಕೊಂದು 104 (ಅಂದರೆ 0.1 ಮೈಕ್ರೊಫ್ಯಾರಡ್) ಕಪಾಸಿಟರ್ ಚುಚ್ಚೋ ಚಾಳಿ. ಟಿಎಲ್431ಗೆ ಕಪಾಸಿಟರ್ ತೀರಾ ಚಿಕ್ಕದಾದರೆ ಸರಿ, 10 ಮೈಕ್ರೊಫ್ಯಾರಡ್ ದಾಟಿದ್ದಾದರೂ ಸರಿ, ನಡುವಿನದು ಆಗಿಬರಲ್ಲ. ಡೇಟಾಶೀಟಿನಲ್ಲಿ ಇದಕ್ಕಂತಲೇ ಗ್ರಾಫ್ ಇದೆ. ನಾನು ಮೊದಲ ಪುಟ ದಾಟಿದ್ದರೆ ತಾನೆ. 104 ಕಿತ್ತೆ, ತಣ್ಣಗಾಯ್ತು. ಆದರೂ ಉದ್ದ ಕೇಬಲ್ಲಿನಲ್ಲಿ 5 ವೋಲ್ಟ್ 4.5ಕ್ಕೆ ಇಳಿದರೆ 5 ವೋಲ್ಟಿಗೂ ಚಿಪ್ಪಿಗೂ ನಡುವೆ ಹಾಕಿದ ನನ್ನ 470 ಓಮ್ ರೆಸಿಸ್ಟರ್ ದಾಟಿ 1 ಮಿಲಿಆಂಪ್ ಕೂಡ ಬರಲ್ಲ. ಟಿಎಲ್431ಗೆ ಕನಿಷ್ಠ ಅಷ್ಟು ಬೇಕು.

ಎಲ್‌ಎಂ4040ಗೆ ಆ ಕರೆಂಟಿನ ಹತ್ತರಲ್ಲೊಂದು ಪಾಲು ಸಾಕು. 104 ಹಾಕಿದರೂ ಸೈ, ಬಿಟ್ಟರೂ ಸೈ. 4.096ರದ್ದೇ ಸಿಗೋದರಿಂದ ರೆಸಿಸ್ಟರ್ ಜೋಡಿಯೂ ಬೇಡ. ಮೂರು ಕಾಲಿನ ಪುಟ್ಟ ಎಸ್‌ಓಟಿ-23 ಪ್ಯಾಕೇಜಿನದು ತಂದರೆ ಮೂರನೇ ಕಾಲನ್ನ ಖಾಲಿ ಬಿಡಿ, ಇಲ್ಲವೇ ಆನೋಡ್‌ಗೆ ಸೇರಿಸಿ. ಇದರ ಕುಂದು ಬಿಸಿ: ನನ್ನ ಗ್ರೇಡಿನದರ ವೋಲ್ಟೇಜ್ ಡಿಗ್ರಿಗೆ 100 ಪಿಪಿಎಂವರೆಗೆ (ಹತ್ತು ಲಕ್ಷದಲ್ಲಿ 100 ಪಾಲು) ಸರಿಯಬಹುದು, ಅಂದರೆ 10 ಡಿಗ್ರಿ ಏರಿದರೆ ಹೆಚ್ಚೆಂದರೆ 4 ಮೆಟ್ಟಿಲು. ನನ್ನ ಮೇಜಿನ ಮೇಲೆ ಅಷ್ಟೆಲ್ಲ ಏರಲ್ಲ.

ಮೂರನೇ ಚಿಪ್ ಆರ್‌ಇಎಫ್5040. ಒಳ್ಳೆ ಗ್ರೇಡಿನದು ಸರಿಯೋದು ಹೆಚ್ಚೆಂದರೆ ಡಿಗ್ರಿಗೆ 3 ಪಿಪಿಎಂ. ಔಟ್‌ಪುಟ್‌ನಲ್ಲಿ ಕಪಾಸಿಟರ್ ಇರಲೇಬೇಕು. ದುಡ್ಡು ಕೇಳಬೇಡಿ. ಹಾಕಿ ನೋಡಿದೆ, ನನ್ನ ಅಗ್ಗದ ಮೀಟರಿನಲ್ಲಿ ಎಲ್‌ಎಂ4040ಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಬಿಚ್ಚಿ ಡಬ್ಬಿಗೆ ಹಾಕಿಟ್ಟಿದ್ದೀನಿ, 16 ಬಿಟ್ ಡ್ಯಾಕ್ ತಂದ ದಿನಕ್ಕೆ.