ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಹಾಪಾಗ್ ಯುಎಸ್‌ಬಿ-ಲೈವ್2: ದೀರ್ಘ ಬಳಕೆಯ ನಂತರದ ವಿಮರ್ಶೆ

ಮದುವೆ, ನಾಮಕರಣ, ಹಾಕಿ ಪಂದ್ಯಾವಳಿ ಎಂದು ಚೀಟಿ ಅಂಟಿಸಿದ ವಿಎಚ್‌ಎಸ್ ಕ್ಯಾಸೆಟ್‌ಗಳು ದಕ್ಷಿಣ ಕೊಡಗಿನ ನಮ್ಮ ಮನೆಯಲ್ಲಿಯೂ ನೆಂಟರಿಷ್ಟರ ಮನೆಗಳಲ್ಲಿಯೂ ಇನ್ನೂ ಕಪಾಟುಗಳಲ್ಲಿ ಉಳಿದಿವೆ. ಈ ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್ ಅನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಆದ್ದರಿಂದ ಇರುವ ಯಂತ್ರ ಕೈಕೊಡುವ ಮೊದಲು, ಇಲ್ಲಿನ ಮಳೆಗಾಲ ಟೇಪಿಗೆ ಬೂಷ್ಟು ಹಿಡಿಸುವ ಮೊದಲು ಈ ಕೆಲಸ ಮುಗಿಸಿಕೊಳ್ಳಬೇಕು. ಇದಕ್ಕಾಗಿ ತರಿಸಿಕೊಂಡ, ವಿಸಿಆರ್‌ನ ಚಿತ್ರ ಮತ್ತು ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಯುಎಸ್‌ಬಿ-ಲೈವ್2 ಸಾಧನ ನನ್ನ ಮೇಜಿನ ಮೇಲೆ ಕೆಲವು ಮಳೆಗಾಲಗಳನ್ನು ಕಂಡಿದೆ.

ಆರಿಸುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಟೇಪಿನಲ್ಲಿರುವುದನ್ನು ಈ ಸಾಧನ ಇದ್ದ ಹಾಗೆ ಕೊಡುತ್ತದೆಯೇ, ಇಲ್ಲವೇ ನಡುವೆ ತನ್ನ ಬುದ್ಧಿ ಓಡಿಸುತ್ತದೆಯೇ? ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು, ಪ್ರತಿ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣುವ 576 ಗೆರೆಗಳು. ಆ ಗೆರೆಗಳು ಸಮ ಮತ್ತು ಬೆಸ ಎಂಬ ಎರಡು ಕಂತುಗಳಲ್ಲಿ ಬರುವುದರಿಂದ ಚಲನೆಯ ಲೆಕ್ಕದಲ್ಲಿ ಸೆಕೆಂಡಿಗೆ 50 ಕ್ಷಣಗಳು ದಾಖಲಾಗಿರುತ್ತವೆ. ಯುಎಸ್‌ಬಿ-ಲೈವ್2 ಇದನ್ನು 720×576 ಅಳತೆಯಲ್ಲಿ, ಎರಡು ಕಂತುಗಳನ್ನೂ ಉಳಿಸಿಕೊಂಡು, ಸಂಕುಚನ (ಕಂಪ್ರೆಷನ್) ಮಾಡದೆ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಬಹಳ ಜನ ಕೊಳ್ಳುವ ಎಲ್ಗಾಟೊ ವೀಡಿಯೊ ಕ್ಯಾಪ್ಚರ್ ಬಳಸಲು ಇನ್ನೂ ಸುಲಭ, ಆದರೆ ಅದು ಚಿತ್ರವನ್ನು 640×480ಕ್ಕೆ ಇಳಿಸಿ, ತಾನೇ ಸಂಕುಚಿಸಿದ ಕಡತವನ್ನು ಕೊಡುತ್ತದೆ. ವಿಸಿಆರ್‌ನ ಹಳದಿ ಪಿನ್ನಿನಿಂದ ಬರುವ ಚಿತ್ರ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಪೆಟ್ಟಿಗೆಗಳಂತೂ ಚಿತ್ರವನ್ನು 720 ಇಲ್ಲವೇ 1080 ಗೆರೆಗಳಿಗೆ ಎಳೆದು ಹಿಗ್ಗಿಸುತ್ತವೆ. ಹೀಗೆ ಹಿಗ್ಗಿಸಿದ್ದರಲ್ಲಿ ಹೊಸ ವಿವರವೇನೂ ಇರುವುದಿಲ್ಲ.

ಮದುವೆಯ ಮಂಟಪದಲ್ಲಿ ಕುಳಿತವರನ್ನು ನೋಡುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಕ್ಕಿಲ್ಲ. ಹಾಕಿ ಕ್ಯಾಸೆಟ್ ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ಮೊದಲ ವರ್ಷಗಳು ಇಂಥ ಕ್ಯಾಸೆಟ್‌ಗಳ ಕಾಲದವೇ. ಪೆನಾಲ್ಟಿ ಕಾರ್ನರ್ ಹೊಡೆತದಲ್ಲಿ ಚೆಂಡು ಕೋಲು ಬಿಟ್ಟು ಗೋಲು ಸೇರುವಷ್ಟರಲ್ಲಿ ಅರ್ಧದಷ್ಟು ಕ್ಷಣಗಳನ್ನು ಸಾಧನವೇ ಎಸೆದುಬಿಟ್ಟರೆ ಆಮೇಲೆ ಯಾವ ತಂತ್ರಾಂಶವೂ ಅವನ್ನು ಮರಳಿ ತಂದುಕೊಡಲಾರದು.

ಬೆಳಕಿನ ಪರೀಕ್ಷೆಗೆ ಕೊಡವ ಮದುವೆಗಿಂತ ಒಳ್ಳೆಯ ಟೇಪು ಬೇರೆ ಬೇಕಿಲ್ಲ. ವರನದು ಬಿಳಿ ಕುಪ್ಯ (ಕೊಡವರ ಉದ್ದನೆಯ ಮೇಲಂಗಿ), ಸುತ್ತ ನಿಂತ ಗಂಡಸರದು ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆ ಚೇಲೆ. ಅಂಗಳದ ಬಿಸಿಲಿನಲ್ಲಿ ಬಾಳೆ ಕಡಿಯುವ ಶಾಸ್ತ್ರದ ದೃಶ್ಯವನ್ನು ಮೊದಲು ನನ್ನಲ್ಲಿದ್ದ, ಹೆಸರು ಹೇಳುವಂಥದ್ದಲ್ಲದ ಅಗ್ಗದ ಡಾಂಗಲಿನಲ್ಲಿ ಇಳಿಸಿದಾಗ ವರನ ತೋಳು ಮತ್ತು ಎದೆಯ ಮಡಿಕೆಗಳೆಲ್ಲ ಅಳಿಸಿಹೋಗಿ ಕುಪ್ಯ ಒಂದೇ ಬಿಳಿಯ ಹಾಳೆಯಂತೆ ಕಂಡಿತು. ಕಪ್ಪು ಕುಪ್ಯದವರು ಒಬ್ಬರಿಗೊಬ್ಬರು ಅಂಟಿಕೊಂಡ ಹಾಗೆ ಇದ್ದರು. ಅದೇ ವಿಸಿಆರ್, ಅದೇ ಟೇಪು, ಅದೇ ತಂತಿ. ಯುಎಸ್‌ಬಿ-ಲೈವ್2ನಲ್ಲಿ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ತುಸು ಇಳಿಸಿ, ವರ್ಚುವಲ್‌ಡಬ್ ತಂತ್ರಾಂಶದ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಹೇಗೆ ಹಂಚಿಕೆಯಾಗಿದೆ ಎಂದು ತೋರಿಸುವ ನಕ್ಷೆ) ನೋಡಿಕೊಂಡು ಹೊಂದಿಸಿದಾಗ ಹೊಲಿಗೆಯ ಅಂಚೂ ಸೊಂಟದ ಕಿರುಗತ್ತಿಯಾದ ಪೀಚೆಕತ್ತಿಯ ಬೆಳ್ಳಿಯೂ ಬೇರೆ ಬೇರೆಯಾಗಿ ಕಂಡವು. ಈ ಹೊಂದಾಣಿಕೆ ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಆಗಬೇಕು. ಚೇಲೆಯ ಕೆಂಪು ಮಾತ್ರ ಅಂಚು ದಾಟಿ ಬಿಳಿಯ ಮೇಲೆ ಹರಡುತ್ತದೆ. ವಿಎಚ್‌ಎಸ್ ಬಣ್ಣವನ್ನು ಬಹಳ ಒರಟಾಗಿ ದಾಖಲಿಸುವುದರಿಂದ ಇದು ಟೇಪಿನದೇ ಮಿತಿ, ಸಾಧನವನ್ನು ದೂರಿ ಪ್ರಯೋಜನವಿಲ್ಲ.

ಈ ಸಾಧನದಲ್ಲಿ ಇಲ್ಲದಿರುವ ಮುಖ್ಯ ಸಂಗತಿಯೆಂದರೆ ಟೈಮ್ ಬೇಸ್ ಕರೆಕ್ಟರ್, ಅಂದರೆ ಚಿತ್ರದ ಗೆರೆಗಳ ಸಮಯವನ್ನು ಸರಿಪಡಿಸುವ ವ್ಯವಸ್ಥೆ. ಹಳೆಯ ಟೇಪು ಅಲ್ಲಲ್ಲಿ ಹಿಗ್ಗಿರುವುದರಿಂದ ಪ್ರತಿ ಗೆರೆಯೂ ಒಂದೇ ಸಮಯಕ್ಕೆ ಆರಂಭವಾಗದೆ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ನೇರ ಕಂಬಗಳು ಅಲುಗುತ್ತವೆ, ಚಿತ್ರದ ಮೇಲ್ತುದಿ ಒಂದು ಕಡೆಗೆ ವಾಲುತ್ತದೆ. ಇದಕ್ಕೆ ವಿಸಿಆರ್ ಮತ್ತು ಸಾಧನದ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ಇಟ್ಟು, ಸಂಕೇತವನ್ನು ಅದರ ಮೂಲಕ ಹಾಯಿಸುವ ಉಪಾಯವಿದೆ. ಪ್ಯಾನಸೋನಿಕ್ ಡಿಎಂಆರ್-ಇಎಸ್10 ಮತ್ತು ಇಎಸ್15 ಇದಕ್ಕೇ ಹೆಸರಾದವು. ಎಲ್ಲ ರೆಕಾರ್ಡರ್‌ಗಳೂ ಈ ಕೆಲಸ ಮಾಡುವುದಿಲ್ಲ. ನನ್ನ ಮಟ್ಟಿಗೆ, ಇನ್ನೂ ದುಬಾರಿ ಕ್ಯಾಪ್ಚರ್ ಸಾಧನಕ್ಕೆ ಹಣ ಹಾಕುವುದಕ್ಕಿಂತ ಒಳ್ಳೆಯ ವಿಸಿಆರ್‌ಗೂ ಇಂಥ ರೆಕಾರ್ಡರ್‌ಗೂ ಹಾಕುವುದು ಲೇಸು.

ಧ್ವನಿಯನ್ನು ಸಾಧನದ ಕೆಂಪು ಮತ್ತು ಬಿಳಿ ಪಿನ್ನುಗಳಿಗೇ ಕೊಡಬೇಕು. ಕಂಪ್ಯೂಟರಿನ ಮೈಕ್ ಕಿಂಡಿಗೆ ಕೊಟ್ಟರೆ ಚಿತ್ರಕ್ಕೆ ಒಂದು ಗಡಿಯಾರ, ಧ್ವನಿಗೆ ಇನ್ನೊಂದು ಗಡಿಯಾರವಾಗಿ, ಮೂರು ಗಂಟೆಯ ಇ-180 ಕ್ಯಾಸೆಟ್ ಮುಗಿಯುವ ಹೊತ್ತಿಗೆ ವಾಲಗದವರ ಕೈ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ ಆಗಬಹುದು. ಸಾಧನದ ಮೂಲಕವೇ ತೆಗೆದುಕೊಂಡ ಪೂರ್ತಿ ಕ್ಯಾಸೆಟ್‌ಗಳಲ್ಲಿ ನನಗೆ ಈ ತೊಂದರೆ ಕಂಡಿಲ್ಲ.

ಹಫ್‌ವೈಯುವಿ ಎಂಬ, ವಿವರ ನಷ್ಟವಾಗದ ರೂಪದಲ್ಲಿ ಉಳಿಸಿದರೆ ಗಂಟೆಗೆ ಹೆಚ್ಚುಕಡಿಮೆ 35 ಜಿಬಿ ಜಾಗ ಬೇಕು; ಸಂಕುಚನವೇ ಇಲ್ಲದಿದ್ದರೆ ಸುಮಾರು 75 ಜಿಬಿ. ಮನೆಯವರಿಗೆ ಹಂಚಲು ಇದರಿಂದ ಚಿಕ್ಕ ಪ್ರತಿ ಮಾಡಿಕೊಳ್ಳಬಹುದು. ಚಿತ್ರದ ಅಡಿಯಲ್ಲಿ ಹರಿದಂತೆ ಕಾಣುವ ಕೆಲವು ಗೆರೆಗಳು ವಿಸಿಆರ್‌ನ ಹೆಡ್ ಬದಲಾಗುವ ಜಾಗದವು, ಅವಕ್ಕೆ ಗಾಬರಿಪಡಬೇಕಾಗಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಖಾಲಿ ಪರದೆಯನ್ನು ಶ್ರದ್ಧೆಯಿಂದ ದಾಖಲಿಸುತ್ತಲೇ ಇರುತ್ತದೆ. ಯುಪಿಎಸ್ ಬೇಕಾಗಿರುವುದು ವಿಸಿಆರ್‌ಗೆ.

ಬೂಷ್ಟಿನ ವಿಷಯದಲ್ಲಿ ಯಾವ ಸಾಧನವೂ ಸಹಾಯಕ್ಕೆ ಬರುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಅಂಚನ್ನು ಟಾರ್ಚ್ ಹಿಡಿದು ನೋಡಬೇಕು. ಬಿಳಿ ಪುಡಿ ಕಂಡರೆ ಅದನ್ನು ವಿಸಿಆರ್‌ಗೆ ಹಾಕಲೇಬಾರದು, ಏಕೆಂದರೆ ಹೆಡ್‌ಗೆ ಅಂಟಿದ ಬೂಷ್ಟು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ನಾನು ಅಂಥವನ್ನು ಬೇರೆಯಾಗಿ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿ ಮುಚ್ಚಿಟ್ಟು, ಶುಚಿ ಮಾಡುವ ಕೆಲಸವನ್ನು ಬೇಸಗೆಗೆ ಇಟ್ಟುಕೊಳ್ಳುತ್ತೇನೆ.

ವಿಎಚ್‌ಎಸ್ ಕ್ಯಾಸೆಟ್‌ಗಳಿರುವವರಿಗೆ ಯುಎಸ್‌ಬಿ-ಲೈವ್2 ಕೊಳ್ಳಿ ಎಂದು ಧಾರಾಳವಾಗಿ ಹೇಳುತ್ತೇನೆ. ಬೆಳಕು ಮತ್ತು ಬಣ್ಣದ ಸಂಕೇತಗಳನ್ನು ಬೇರೆ ಬೇರೆಯಾಗಿ ಒಯ್ಯುವ ಎಸ್-ವೀಡಿಯೊ ಕಿಂಡಿಯೂ ಇರುವುದರಿಂದ ಹೈ8 ಎಂಬ ಚಿಕ್ಕ ಕ್ಯಾಸೆಟ್ಟಿನ ಕ್ಯಾಮೆರಾ ಇರುವವರಿಗೂ ಒದಗುತ್ತದೆ. ಮಿನಿ ಡಿವಿ ಕ್ಯಾಸೆಟ್‌ಗಳಲ್ಲಿ ಚಿತ್ರ ಮೊದಲೇ ಡಿಜಿಟಲ್ ರೂಪದಲ್ಲಿದ್ದು, ಫೈರ್‌ವೈರ್ ತಂತಿಯ ಮೂಲಕ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದಂತೆಯೇ ಕಂಪ್ಯೂಟರಿಗೆ ಬರುತ್ತದೆ. ಮನೆಯಲ್ಲಿ ಅವು ಮಾತ್ರ ಇದ್ದರೆ ಈ ಸಾಧನವನ್ನು ಕೊಳ್ಳುವ ಅಗತ್ಯವೇ ಇಲ್ಲ.