ಸಾಂಬಾರ್ ಕೇಳಬಾರದ ಹೋಟೆಲುಗಳು: ಬೆಂಗಳೂರಿನ ತಿಂಡಿ, ನನ್ನ ಇಪ್ಪತ್ತೈದು ವರ್ಷದ ಲೆಕ್ಕ

ನಾನು ಸಾಗರದವಳು. 1999ರಲ್ಲಿ ಬೆಂಗಳೂರಿಗೆ ಬಂದು ಮಲ್ಲೇಶ್ವರದ ಹಾಸ್ಟೆಲೊಂದನ್ನು ಸೇರಿದಾಗ ನನ್ನ ಪಾಲಿಗೆ ಹೋಟೆಲ್ ತಿಂಡಿ ಎಂದರೆ ಸಾಂಬಾರ್. ಇಡ್ಲಿ ಅದರಲ್ಲಿ ತೇಲಬೇಕು, ವಡೆ ಮುಳುಗಬೇಕು. ಏಳು ವರ್ಷಗಳ ನಂತರ ಮದುವೆಯಾಗಿ ಚಾಮರಾಜಪೇಟೆಗೆ ಬಂದೆ. ಹೊಸತರಲ್ಲಿ ಒಂದು ಬೆಳಿಗ್ಗೆ ಮಾವ ನಮ್ಮಿಬ್ಬರನ್ನೂ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದೊಯ್ದರು. ಎರಡು ಇಡ್ಲಿ, ಒಂದು ವಡೆ, ಮೇಲೆ ಧಾರಾಳವಾಗಿ ಸುರಿದ ಚಟ್ನಿ. ತಟ್ಟೆ ಹಿಡಿದುಕೊಂಡು ನಾನು ಸುತ್ತಮುತ್ತ ನೋಡಿದೆ. "ಸಾಂಬಾರ್ ಎಲ್ಲಿ ಕೊಡುತ್ತಾರೆ ಮಾವ?" ಎಂದೆ. ಅವರು ದನಿ ತಗ್ಗಿಸಿ, "ಇಲ್ಲಿ ಅದನ್ನು ಕೇಳಬಾರದಮ್ಮ, ಊರಿಗೆ ಹೊಸಬರು ಎಂದು ಗೊತ್ತಾಗಿಬಿಡುತ್ತದೆ" ಎಂದರು. ಏಳು ವರ್ಷ ಇದೇ ಊರಿನ ಬಸ್ಸುಗಳಲ್ಲಿ ನೇತಾಡಿದವಳಿಗೆ ಆ ಮಾತು ಸ್ವಲ್ಪ ಚುಚ್ಚಿತು. ಇಡ್ಲಿ ಬಾಯಿಗಿಟ್ಟ ಮೇಲೆ ಮರೆತುಹೋಯಿತು.

ಆಮೇಲಿನಿಂದ ಯಾವ ಹೋಟೆಲಿಗೆ ಹೋದರೂ ಅಲ್ಲಿ ಏನು ಕೊಡುವುದಿಲ್ಲ ಎಂಬುದನ್ನು ಮೊದಲು ನೋಡುವ ಅಭ್ಯಾಸವಾಗಿದೆ. ಈ ವಿಮರ್ಶೆಯೂ ಅದೇ ಕಣ್ಣಿನದು. ನಕ್ಷತ್ರ, ಅಂಕ ಯಾವುದನ್ನೂ ಕೊಡುವುದಿಲ್ಲ. ನಾನು ಮತ್ತೆ ಮತ್ತೆ ಹೋಗಿ, ನನ್ನ ದುಡ್ಡು ಕೊಟ್ಟು ತಿಂದ ಜಾಗಗಳ ಮಾತು ಮಾತ್ರ ಇಲ್ಲಿದೆ.

ಬ್ರಾಹ್ಮಿನ್ಸ್‌ನಿಂದಲೇ ಶುರುಮಾಡುತ್ತೇನೆ. 1965ರಿಂದ ನಡೆಯುತ್ತಿರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಇಷ್ಟು ಹೇಳಿದರೆ ಪಟ್ಟಿ ಮುಗಿಯಿತು. ದೋಸೆ ಇಲ್ಲ, ಪೂರಿ ಇಲ್ಲ, ಒಳಗೆ ಕೂರುವ ಜಾಗವೂ ಇಲ್ಲ. ರಸ್ತೆಬದಿಯಲ್ಲಿ ನಿಂತು ಅಥವಾ ಸಿಕ್ಕ ಕಟ್ಟೆಯ ಅಂಚಿನಲ್ಲಿ ಕುಳಿತು ತಿನ್ನಬೇಕು. ಅಲ್ಲಿನ ಚಟ್ನಿ ಬಿಳಿ, ಬಡಿಸಿದರೆ ತಟ್ಟೆಯಲ್ಲಿ ತಾನೇ ಹರಡಿಕೊಳ್ಳುವಷ್ಟು ತೆಳು. ಇಡ್ಲಿಯ ಬಿಸಿಗೆ ಅದರ ತಣ್ಪು ತಾಗಿದಾಗ ಅಂಚು ಮೆತ್ತಗಾಗುತ್ತದೆ, ನಡುಭಾಗ ಹಾಗೆಯೇ ಉಳಿಯುತ್ತದೆ. ಮೊದಲ ಇಡ್ಲಿಯನ್ನು ಆ ಅಂಚಿನಿಂದ ಒಳಗೆ ಬರುತ್ತಾ ತಿನ್ನುತ್ತೇನೆ. ಎರಡನೆಯದರ ಹೊತ್ತಿಗೆ ಚಟ್ನಿ ಖಾಲಿಯಾಗಿರುತ್ತದೆ. ತಟ್ಟೆ ಮುಂದೆ ಚಾಚಿದರೆ ಸಾಕು, ಒಂದು ಮಾತೂ ಇಲ್ಲದೆ ಮತ್ತೆ ಸುರಿಯುತ್ತಾರೆ. ಮೂರನೆಯ ಸಲಕ್ಕೂ ಮುಖ ಸಿಂಡರಿಸುವುದಿಲ್ಲ.

ಮನೆಯಲ್ಲಿ ರುಬ್ಬುವವರಿಗೆ ಇದರ ಕಷ್ಟ ಗೊತ್ತಿರುತ್ತದೆ. ಹಸಿ ತೆಂಗಿನಕಾಯಿಯ ಚಟ್ನಿ ಬೆಳಿಗ್ಗೆ ಇದ್ದಂತೆ ಮಧ್ಯಾಹ್ನ ಇರುವುದಿಲ್ಲ. ತೆಂಗಿನಕಾಯಿ ತುಟ್ಟಿಯಾದಾಗ ಹುರಿಗಡಲೆ ಜಾಸ್ತಿ ಹಾಕಿದರೆ ಗಟ್ಟಿಯೇನೋ ಆಗುತ್ತದೆ, ಆದರೆ ನಾಲಿಗೆಗೆ ಹಿಟ್ಟು ಹಿಟ್ಟು. ಹಿಟ್ಟು ಹುಳಿ ಬಂದ ಇಡ್ಲಿಯನ್ನು ಸಾಂಬಾರಿನ ಹುಣಸೆ ಮುಚ್ಚಿಬಿಡುತ್ತದೆ. ಬರಿಯ ಚಟ್ನಿಯ ಜೊತೆ ಅದು ಸಿಕ್ಕಿಬೀಳುತ್ತದೆ. ಹಾಗಾಗಿ ಸಾಂಬಾರ್ ಇಲ್ಲದ ಕೌಂಟರಿನ ಮುಂದೆ ನಿಂತಾಗ ನನಗೆ ಒಂದು ಬಗೆಯ ನೆಮ್ಮದಿ.

ಇದಕ್ಕೆ ತದ್ವಿರುದ್ಧವಾದ ಅನುಭವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ಒಂದು ಹೋಟೆಲ್ ಇದೆ, ಹೆಸರು ಬೇಡ. ತೆರೆದ ಮೊದಲ ವರ್ಷ ಅಲ್ಲಿನ ಉದ್ದಿನ ವಡೆಗೆ ನಾನು ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿದ್ದೆ. ಮರುವರ್ಷ ಗೋಡೆಯ ಮೇಲಿನ ಪಟ್ಟಿಗೆ ಚಾಟ್ ಬಂದು ಕೂತಿತು, ಅದರ ಕೆಳಗೆ ಗೋಬಿ ಮಂಚೂರಿ, ಅದರ ಕೆಳಗೆ ಪನೀರಿನ ಏಳೆಂಟು ಅವತಾರ. ವಡೆ ಕುಗ್ಗಿತು, ಎಣ್ಣೆ ಹೆಚ್ಚಿತು. ಒಂದು ಸಂಜೆ ಸಾಂಬಾರ್ ಹಳಸಿದ ವಾಸನೆ ಬರುತ್ತಿದೆ ಎಂದು ತಟ್ಟೆ ತೋರಿಸಿದೆ. ಸಪ್ಲೈಯರ್ ಹುಡುಗ ಪಾಪ, ನನ್ನ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋಗಿ ಅದೇ ಪಾತ್ರೆಯಿಂದ ಇನ್ನೊಂದು ಸೌಟು ತುಂಬಿಸಿ ತಂದಿಟ್ಟ. ಅವನ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ? ನೂರು ತಿಂಡಿ ಮಾಡುವ ಅಡುಗೆಮನೆಯಲ್ಲಿ ಸಾಂಬಾರನ್ನು ಮೂಸಿ ನೋಡುವ ಪುರಸೊತ್ತು ಯಾರಿಗಿರುತ್ತದೆ.

ದೋಸೆಯ ವಿಷಯ ನಮ್ಮ ಮನೆಯ ಹಳೆಯ ವ್ಯಾಜ್ಯ. ನಾನು ಮಲ್ಲೇಶ್ವರದ ಸಿಟಿಆರ್ ಪಕ್ಷ, ಗಂಡ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಪಕ್ಷ. ಸೆಂಟ್ರಲ್ ಟಿಫಿನ್ ರೂಮ್ ಎಂದು 1920ರ ದಶಕದಲ್ಲಿ ಹುಟ್ಟಿದ ಸಿಟಿಆರ್‌ಗೆ ಈಗ ಶ್ರೀ ಸಾಗರ್ ಎಂಬ ಹೆಸರಿದೆ, ಆದರೆ ಆಟೋದವರಿಗೆ ಹಾಗೆಂದರೆ ತಕ್ಷಣ ಹೊಳೆಯುವುದಿಲ್ಲ. ಹಾಸ್ಟೆಲಿನ ದಿನಗಳಲ್ಲಿ ತಿಂಗಳ ಮೊದಲ ಭಾನುವಾರ ಅಲ್ಲಿನ ಬೆಣ್ಣೆ ಮಸಾಲೆ ದೋಸೆ ತಿಂದರೆ ಉಳಿದ ಮೂರು ಭಾನುವಾರ ಅದರ ನೆನಪಿನಲ್ಲಿ ಕಳೆಯುತ್ತಿತ್ತು. ಹೊರಗೆ ಕಡುಕಂದು, ಮುರಿದರೆ ಸದ್ದು ಮಾಡುವಷ್ಟು ಗರಿ, ಒಳಮೈ ಮೃದು. ನಲವತ್ತು ದಾಟಿದ ಮೇಲೆ ಅಷ್ಟು ಬೆಣ್ಣೆ ನನ್ನ ಹೊಟ್ಟೆ ತಡೆಯುವುದಿಲ್ಲ ಎಂಬುದು ದೋಸೆಯ ತಪ್ಪಲ್ಲ.

ವಿದ್ಯಾರ್ಥಿ ಭವನದ ದೋಸೆ ನನಗೆ ಮೊದಲ ನೋಟಕ್ಕೆ ಹಿಡಿಸಲಿಲ್ಲ. ನಮ್ಮ ಕಡೆ ದೋಸೆ ಎಂದರೆ ತೆಳ್ಳೇವು, ಬಟ್ಟೆಯಂತೆ ಮಡಚಬೇಕು. ಇದೋ ದಪ್ಪ, ತುಪ್ಪದಲ್ಲಿ ಕೆಂಪಗೆ ಬೆಂದದ್ದು, ಗಾತ್ರದಲ್ಲೂ ಚಿಕ್ಕದು. ಸಾಂಬಾರ್ ಇಲ್ಲಿಯೂ ದೋಸೆಯ ಜೊತೆಗಿಲ್ಲ. ನೀರು ನೀರಾದ ಚಟ್ನಿಯನ್ನು ಬಕೆಟ್ಟಿನಿಂದ ಬಡಿಸುತ್ತಾರೆ. ಆ ಚಟ್ನಿ ಯಾಕೆ ಅಷ್ಟು ತೆಳು ಎಂದು ಮೂರು-ನಾಲ್ಕು ಸಲ ಹೋದ ಮೇಲೆ ನನಗೆ ಅರ್ಥವಾಯಿತು: ಅಷ್ಟು ದಪ್ಪ ದೋಸೆಯೊಳಗೆ ಇಳಿಯಬೇಕಾದರೆ ಅದು ತೆಳುವಾಗಿಯೇ ಇರಬೇಕು. ಗಟ್ಟಿ ಚಟ್ನಿ ಅದರ ಮೇಲೆಯೇ ಕೂತಿರುತ್ತಿತ್ತು.

1943ರಲ್ಲಿ ಶುರುವಾದ ಆ ಹೋಟೆಲಿನ ಹೆಸರೇ ಹೇಳುವಂತೆ ವಿದ್ಯಾರ್ಥಿಗಳಿಗೆಂದು ಇದ್ದ ಜಾಗ. ಗೋಡೆಯ ತುಂಬ ಕನ್ನಡದ ಸಾಹಿತಿಗಳ ರೇಖಾಚಿತ್ರಗಳಿವೆ. ಕಾಯುವ ಹೊತ್ತಿಗೆ ಮಗಳಿಗೆ ಒಬ್ಬೊಬ್ಬರ ಹೆಸರು ಕೇಳಿ ಪರೀಕ್ಷೆ ಮಾಡಿದ್ದೂ ಉಂಟು. ಎಲ್ಲಕ್ಕಿಂತ ನೋಡಬೇಕಾದದ್ದು ಪಂಚೆಯುಟ್ಟ ಸಪ್ಲೈಯರ್ ಅಡುಗೆಮನೆಯಿಂದ ಹೊರಬರುವುದನ್ನು. ಎಡಗೈ ಮುಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳು ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಮೇಜುಗಳ ನಡುವಿನ ಇಕ್ಕಟ್ಟಿನಲ್ಲಿ ಸ್ವಲ್ಪ ಓರೆಯಾಗಿ ನಡೆದು ಬಂದು, ಬಲಗೈಯಿಂದ ಇಸ್ಪೀಟು ಹಂಚಿದಂತೆ ಒಂದೊಂದೇ ಇಳಿಸುತ್ತಾ ಹೋಗುತ್ತಾರೆ. ತಟ್ಟೆ ಮೇಜಿಗೆ ತಾಗಿದ ಸದ್ದೂ ಬರುವುದಿಲ್ಲ. ಈ ದೃಶ್ಯಕ್ಕೆ ನಮ್ಮ ವ್ಯಾಜ್ಯದಲ್ಲಿ ಗಂಡನ ಕಡೆ ಎರಡು ಅಂಕ ಹೆಚ್ಚು ಕೊಡಬೇಕಾಗುತ್ತದೆ. ಅಂಕ ಕೊಡುವುದಿಲ್ಲ ಎಂದಿದ್ದೆ, ಇರಲಿ.

ಹೋಗುವವರು ರಜೆಯ ಪಂಚಾಂಗ ತಿಳಿದುಕೊಂಡು ಹೊರಡಬೇಕು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಬ್ರಾಹ್ಮಿನ್ಸ್‌ಗೆ ಭಾನುವಾರ. ನನ್ನ ಅಣ್ಣ ಅತ್ತಿಗೆಯೊಡನೆ ಊರಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದಾಗ, ಮುಖ ತೊಳೆದ ತಕ್ಷಣ ಅವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲು ತೋರಿಸಿದ್ದೇನೆ. "ಇದೇನಾ ನೀನು ಫೋನಿನಲ್ಲಿ ಹೇಳುತ್ತಿದ್ದ ದೋಸೆ?" ಎಂದು ಅಣ್ಣ ಈಗಲೂ ಹಂಗಿಸುತ್ತಾನೆ. ರಜೆಯಿಲ್ಲದ ದಿನವೂ ಏಳೂವರೆಯ ಒಳಗೆ ಹೋದವರೇ ಜಾಣರು.

ಎಂಟಿಆರ್‌ಗೆ ನಾನು ವರ್ಷಕ್ಕೆ ನಾಲ್ಕೈದು ಸಲವಷ್ಟೇ ಹೋಗುವುದು, ಅದೂ ರವೆ ಇಡ್ಲಿಗೆ. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಕಟ್ಟಿದ ಹೋಟೆಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ಇವರೇ ಎನ್ನುತ್ತಾರೆ. ಇಲ್ಲದ ಅಕ್ಕಿಯಿಂದ ಹುಟ್ಟಿದ ತಿಂಡಿ, ಹಾಗಾಗಿ ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಮೇಲೊಂದು ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ. ಇಡ್ಲಿಯನ್ನು ಬಿಸಿಯಿರುವಾಗಲೇ ಎರಡು ಹೋಳು ಮಾಡಿ ಆ ತುಪ್ಪವನ್ನು ನಡುವೆ ಸುರಿಯಬೇಕು. ಆರಿದ ಮೇಲೆ ಸುರಿದರೆ ಮೇಲೆ ಜಿಡ್ಡು ನಿಲ್ಲುತ್ತದೆ, ಅಷ್ಟೇ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ದರ ಗೊತ್ತುಮಾಡಿದಾಗ, ಆ ದರಕ್ಕೆ ತಕ್ಕಂತೆ ತುಪ್ಪ ಕಡಿಮೆ ಮಾಡಲು ಒಪ್ಪದೆ ಇವರು ಹೋಟೆಲನ್ನೇ ಮುಚ್ಚಿದ್ದರು. ಸಿದ್ಧ ಹಿಟ್ಟಿನ ಪೊಟ್ಟಣಗಳ ವ್ಯಾಪಾರ ಬೆಳೆದದ್ದು ಆಗ. ಅನೇಕರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಅಂಗಡಿಯಲ್ಲಿ ಸಿಗುವ ಎಂಟಿಆರ್ ಪೊಟ್ಟಣಕ್ಕೂ ಈ ಹೋಟೆಲಿಗೂ ಈಗ ಒಡೆತನದ ನಂಟಿಲ್ಲ. ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲು ಮನೆತನದವರ ಕೈಯಲ್ಲೇ ಉಳಿಯಿತು. ಪೊಟ್ಟಣದ ರವೆ ಇಡ್ಲಿ ಮಾಡಿ "ಎಂಟಿಆರ್ ರುಚಿ ನೋಡಿದೆ" ಎನ್ನುವ ನನ್ನ ಸಹೋದ್ಯೋಗಿಗೆ ಇದನ್ನು ಹೇಳಿ ಹೇಳಿ ಸೋತಿದ್ದೇನೆ.

ಮಲ್ಲೇಶ್ವರದ ಹದಿನೈದನೇ ಅಡ್ಡರಸ್ತೆಯ ವೀಣಾ ಸ್ಟೋರ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1977ರಿಂದ ಇರುವ ಆ ಪುಟ್ಟ ಅಂಗಡಿಯ ಇಡ್ಲಿ, ಶಾವಿಗೆ ಬಾತು ತಿಂದು ನಿಲ್ಲಿಸಿದ ಸ್ಕೂಟರುಗಳ ಮೇಲೆ ತಟ್ಟೆಯಿಟ್ಟವರಿಗೆ ಹೇಳುವುದು ಬೇಕಾಗಿಯೂ ಇಲ್ಲ. ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಮಾತ್ರ ಪಟ್ಟಿಯಿಂದ ಬಿಟ್ಟುಹೋಯಿತು. 2023ರ ಕೊನೆಗೆ ಅದು ಮುಚ್ಚಿದಾಗ ನನ್ನ ಹಾಸ್ಟೆಲಿನ ಗೆಳತಿಯರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿದ್ದೆವು. ಅಲ್ಲಿನ ರಾಗಿ ದೋಸೆಯನ್ನು ನೆನೆದು ಒಬ್ಬಳು ಅತ್ತೇಬಿಟ್ಟಳು, ದೋಸೆಗೋ ಹೋದ ವಯಸ್ಸಿಗೋ ಗೊತ್ತಿಲ್ಲ.

ಕಾಫಿಯ ಮಾತು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು, ಕಾಫಿ ಬೀಜವೂ ತುಟ್ಟಿ. ಬೆಲೆ ಏರಿಸಿದವರ ಮೇಲೆ ನನಗೆ ಬೇಸರವಿಲ್ಲ. ಬೆಲೆಯನ್ನು ಹಾಗೇ ಇಟ್ಟು ಲೋಟವನ್ನು ಕುಗ್ಗಿಸಿದವರು, ಡಿಕಾಕ್ಷನ್‌ಗೆ ಚಿಕೋರಿ ಸುರಿದು ಬಣ್ಣ ತೋರಿಸುವವರು ಇದ್ದಾರಲ್ಲ, ಅವರ ಮೇಲೆ ಇದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈ-ಟು ಈ ಊರಿನ ಒಳ್ಳೆಯ ರೂಢಿ. ಕೇಳಿದರೆ ಎರಡನೇ ಲೋಟವನ್ನು ಬೇಸರವಿಲ್ಲದೆ ಕೊಡುವ ಹೋಟೆಲನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ಮಾವನಿಗೆ ಈಗ ಎಂಬತ್ತನಾಲ್ಕು. ಮೊಣಕಾಲು ನೋವಿನಿಂದಾಗಿ ಶಂಕರಪುರದಲ್ಲಿ ನಿಂತು ತಿನ್ನುವುದು ಆಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನಾನೇ ಎರಡು ಸ್ಟೀಲ್ ಡಬ್ಬಿ ಹಿಡಿದು ಹೋಗುತ್ತೇನೆ, ಒಂದು ಇಡ್ಲಿಗೆ, ಇನ್ನೊಂದು ಚಟ್ನಿಗೆ. ಮನೆಗೆ ತಂದ ಇಡ್ಲಿ ಅಲ್ಲಿಯದರ ಮುಕ್ಕಾಲು ಪಾಲು ಮಾತ್ರ. ಡಬ್ಬಿಯ ಹಬೆಗೆ ಮೈ ಒದ್ದೆಯಾಗಿರುತ್ತದೆ. ಅವರು ಮೊದಲು ಚಟ್ನಿಯ ಮುಚ್ಚಳ ತೆಗೆದು ಮೂಸುತ್ತಾರೆ, ಆಮೇಲೆ ಇಡ್ಲಿಗೆ ಕೈ ಹಾಕುತ್ತಾರೆ. ಕಳೆದ ಶನಿವಾರ ಚಟ್ನಿ ದಾರಿಯಲ್ಲಿ ಸ್ವಲ್ಪ ಚೆಲ್ಲಿ ಕಡಿಮೆಯಾಗಿತ್ತು. ರಾತ್ರಿಯ ನುಗ್ಗೇಕಾಯಿ ಹುಳಿ ಮಿಕ್ಕಿದ್ದು ನೆನಪಾಗಿ, "ಒಂದು ಬಟ್ಟಲು ಬಿಸಿಮಾಡಿ ತರಲೇ ಮಾವ, ಇಡ್ಲಿಗೆ?" ಎಂದೆ. ಅವರು ತಟ್ಟೆಯಿಂದ ತಲೆಯೆತ್ತಿ, ಊರಿಗೆ ಹೊಸಬರನ್ನು ನೋಡುವಂತೆ ನನ್ನನ್ನು ನೋಡಿದರು.